ಹಳ್ಳಿಗನು ವ್ಯಾಪಾರ ನಿಲ್ಲಿಸಿದಾಗ

(ನಮ್ಮ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಭಾನುವಾರದ ಕೂಟದಲ್ಲಿ ಸಾಹಿತ್ಯ, ಆರೋಗ್ಯ, ಉಳಿತಾಯ, ಭವಿಷ್ಯನಿಧಿ ಮುಂತಾದ ವಿಷಯಗಳ ಮೇಲೆ ಭಾಷಣ ಏರ್ಪಡಿಸುವುದು ನಮ್ಮ ವಾಚನಾಲಯದ ರೂಢಿ. ಈ ಸಲ ಬಾಗಿಲಿನ ಫಲಕದ ಮೇಲೆ ‘ಕಂಪ್ಯೂಟರ್ ಆಟದಲ್ಲಿ ಹಳ್ಳಿಗರೊಡನೆ ವ್ಯಾಪಾರ’ ಎಂದು ಬರೆದುದನ್ನು ಕಂಡು ಕೆಲವರು ನಕ್ಕರೆಂದು ಕೇಳಿದೆವು. ನಗುವುದರಲ್ಲಿ ತಪ್ಪಿಲ್ಲ. ಆದರೆ ಈ ವಿಷಯ ನಾವು ಸಮಿತಿಯವರು ಹುಡುಕಿ ತಂದದ್ದಲ್ಲ. ಇಲ್ಲಿ ಊರಿನ ಪತ್ರಿಕೆ ಓದಲು ಬರುವ ಸದಸ್ಯರೇ ಒಬ್ಬರಾದ ಮೇಲೊಬ್ಬರು ಬಂದು ಕೇಳಿದ್ದು.

ಕೇಳಿದ ಕಾರಣವನ್ನೂ ಹೇಳಬೇಕು. ನಮ್ಮ ಸದಸ್ಯರಲ್ಲಿ ಅನೇಕರು ಹೆಂಡತಿ ಮಕ್ಕಳನ್ನು ಊರಲ್ಲಿಟ್ಟು ಈ ಮುಂಬಯಿಯಲ್ಲಿ ದುಡಿಯುವವರು. ಹೋಟೆಲಿನ ಗಲ್ಲಾ ಮುಚ್ಚಿ, ಅಥವಾ ಆಫೀಸಿನಿಂದ ಬಂದು ಅಡುಗೆ ಮಾಡಿಕೊಂಡು, ರಾತ್ರಿ ಊರಿಗೆ ಫೋನು ಮಾಡಿದರೆ ಮಗುವಿನೊಡನೆ ಮಾತಿಗೆ ಸಿಗುವುದು ಹತ್ತು ನಿಮಿಷ. ಊಟವಾಯಿತೇ, ಶಾಲೆಗೆ ಹೋದೆಯಾ ಎಂಬ ಎರಡು ಪ್ರಶ್ನೆ ಮುಗಿದರೆ ಮೂರನೆಯದು ಹೊಳೆಯುವುದಿಲ್ಲ. ಮಗು ತಾನಾಗಿ ಎತ್ತುವ ಮಾತು ಒಂದೇ: “ಅಪ್ಪಾ, ನನ್ನ ಹಳ್ಳಿಯವ ವ್ಯಾಪಾರ ಮಾಡ್ತಾ ಇಲ್ಲ.” ಅದು ಯಾವ ಹಳ್ಳಿ, ಎಂಥ ವ್ಯಾಪಾರ ಎಂಬುದು ಅಪ್ಪನಿಗೆ ತಿಳಿಯದು. “ಆ ಹಾಳು ಆಟ ಬಿಡು, ಓದ್ಕೋ ಹೋಗು” ಎನ್ನುತ್ತಾನೆ. ಮಗು ಫೋನನ್ನು ಅಮ್ಮನ ಕೈಗೆ ಕೊಟ್ಟು ಹೋಗುತ್ತದೆ. ಆ ಹತ್ತು ನಿಮಿಷದಲ್ಲಿ ಎಂಟು ನಿಮಿಷ ಹೀಗೆ ಹಾಳಾಗುತ್ತದೆಂಬುದೇ ಸದಸ್ಯರ ದೂರು. ಆದ್ದರಿಂದ, ಆಟವಾಡದ ತಂದೆಯೂ ಇನ್ನೂರು ಹರದಾರಿ ದೂರದಿಂದ ಮಗುವನ್ನು ಏನು ಕೇಳಬೇಕು, ಯಾವ ಕ್ರಮದಲ್ಲಿ ಕೇಳಬೇಕು ಎಂಬಷ್ಟನ್ನು ಹೇಳುವುದೇ ಇಂದಿನ ಉದ್ದೇಶ. ಆಟ ಒಳ್ಳೆಯದೋ ಕೆಟ್ಟದೋ ಎಂಬ ಚರ್ಚೆಯನ್ನು ಇನ್ನೊಂದು ಭಾನುವಾರಕ್ಕೆ ಇಟ್ಟುಕೊಳ್ಳೋಣ.

ಆಟದ ಹೆಸರು ಮೈನ್‌ಕ್ರಾಫ್ಟ್. ಸ್ವೀಡನ್ ದೇಶದ ಮಾರ್ಕಸ್ ಪೆರ್ಸನ್ ಎಂಬವರು ಇದನ್ನು ರಚಿಸಿ 2009ರಲ್ಲಿ ಜನರ ಮುಂದಿಟ್ಟರು. 2011ರ ನವೆಂಬರಿನಲ್ಲಿ ಪೂರ್ಣರೂಪ ಹೊರಬಂತು. ಅವರ ಮೊಜಾಂಗ್ ಸಂಸ್ಥೆಯನ್ನು 2014ರಲ್ಲಿ ಮೈಕ್ರೋಸಾಫ್ಟ್ ಕಂಪನಿ 250 ಕೋಟಿ ಡಾಲರಿಗೆ ಕೊಂಡಿತು. ಮಕ್ಕಳು ಹೊಳೆಯ ಮರಳಿನಲ್ಲಿ ಮನೆ ಕಟ್ಟುತ್ತಾರಲ್ಲ, ಅಂಥದೇ ಆಟ ಇದು. ಇಂತಿಷ್ಟು ಅಂಕ ಗಳಿಸಿದರೆ ಗೆದ್ದೆ ಎಂಬ ಕಟ್ಟಳೆ ಇಲ್ಲ. ಲೋಕವೆಲ್ಲ ಚೌಕದ ತುಂಡುಗಳಿಂದ ಆದದ್ದು. ಮರ ಕಡಿಯಬಹುದು, ಕಲ್ಲು ಅಗೆಯಬಹುದು, ಗೋಧಿ ಬಿತ್ತಬಹುದು, ಮನೆ ಕಟ್ಟಬಹುದು. ಅಲ್ಲಿಯ ಒಂದು ಹಗಲು-ರಾತ್ರಿ ಸೇರಿದರೆ ನಮ್ಮ ಗಡಿಯಾರದಲ್ಲಿ 20 ನಿಮಿಷ. ಈ ಲೆಕ್ಕವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆ ಲೋಕದಲ್ಲಿ ಅಲ್ಲಲ್ಲಿ ಹಳ್ಳಿಗಳುಂಟು. ಅವುಗಳಲ್ಲಿ ಉದ್ದ ಮೂಗಿನ, ತೋಳಿನೊಳಗೆ ಕೈ ಹುದುಗಿಸಿಕೊಂಡು ನಡೆಯುವ ಹಳ್ಳಿಗರುಂಟು. ಇವರನ್ನು ಮನುಷ್ಯರಾರೂ ಆಡಿಸುವುದಿಲ್ಲ, ಕಂಪ್ಯೂಟರೇ ಆಡಿಸುತ್ತದೆ. 2012ರಿಂದ ಇವರೊಡನೆ ವ್ಯಾಪಾರ ಮಾಡುವ ಏರ್ಪಾಡು ಬಂತು. ನಾಣ್ಯದ ಬದಲು ಪಚ್ಚೆಕಲ್ಲು ಚಲಾವಣೆ. ರೈತನಿಗೆ 20 ಗೋಧಿ ಕೊಟ್ಟರೆ 1 ಪಚ್ಚೆ. ಬಾಣ ಮಾಡುವವನಿಗೆ 32 ಕಡ್ಡಿ ಕೊಟ್ಟರೆ 1 ಪಚ್ಚೆ. ಗ್ರಂಥಪಾಲನಿಗೆ 24 ಹಾಳೆ ಕಾಗದ ಕೊಟ್ಟರೆ 1 ಪಚ್ಚೆ. ಕಾಗದವನ್ನು ಅಲ್ಲಿ ಕಬ್ಬಿನಿಂದ ಮಾಡುತ್ತಾರೆ. ಮಂಡ್ಯದ ಕಡೆಯವರು ಸಂತೋಷಪಡಬಹುದು. ಹೀಗೆ ಕೂಡಿಸಿದ ಪಚ್ಚೆ ಕೊಟ್ಟು ಕವಚ, ಸಲಕರಣೆ, ಮಂತ್ರದ ಪುಸ್ತಕ ಮೊದಲಾದ ಬೆಲೆಯುಳ್ಳ ಸಾಮಾನುಗಳನ್ನು ಕೊಳ್ಳುವುದು. ಮಕ್ಕಳು ಇದಕ್ಕಾಗಿ ವಾರಗಟ್ಟಲೆ ಬೇಸಾಯ ಮಾಡುತ್ತಾರೆ. ಹಾಗೆ ದುಡಿದು ತಂದ ಮೇಲೆ ಎದುರಿನವನು ತಲೆ ಅಲ್ಲಾಡಿಸಿಬಿಟ್ಟರೆ ಅಳು ಬರುವುದು ಸಹಜ. ನಮ್ಮಲ್ಲಿ ಯಾರಿಗೆ ಕೌಂಟರಿನ ಮುಂದೆ ಅಂಥ ಅನುಭವ ಆಗಿಲ್ಲ?

ಆದರೆ ಇಲ್ಲೊಂದು ಭೇದವುಂಟು, ಅದೇ ಇಂದಿನ ಭಾಷಣದ ತಿರುಳು. ನಮ್ಮ ಕೌಂಟರಿನಾಚೆ ಕೂತವನಿಗೆ ಬೇಸರ ಇರಬಹುದು, ಜಂಬ ಇರಬಹುದು, ಕಾರಣವೇ ಇಲ್ಲದಿರಬಹುದು. ಆಟದ ಹಳ್ಳಿಗನಿಗೆ ಅದಾವುದೂ ಇಲ್ಲ. ಅವನೊಂದು ಖಾತೆ ಪುಸ್ತಕ. ಕಸುಬು ಯಾವುದು, ಸರಕು ಎಷ್ಟು ಉಳಿದಿದೆ, ಯಾವ ಸರಕಿಗೆ ಗಿರಾಕಿ ಎಷ್ಟು, ಎದುರಿನವನ ಹೆಸರು ಒಳ್ಳೆಯದೋ ಕೆಟ್ಟದೋ, ಹೀಗೆ ನಾಲ್ಕಾರು ಅಂಕಣಗಳಿವೆ. ಅವನು ಇಲ್ಲ ಎಂದರೆ ಆ ಅಂಕಣಗಳಲ್ಲಿ ಒಂದು ಖಾಲಿಯಿದೆ ಅಥವಾ ಕೆಟ್ಟಿದೆ ಎಂದಷ್ಟೇ ಅರ್ಥ. ಲೆಕ್ಕ ತಾಳೆಯಾಗದಿದ್ದಾಗ ಗುಮಾಸ್ತ ಹೇಗೆ ಒಂದೊಂದೇ ಪುಟ ತಿರುವುತ್ತಾನೋ ಹಾಗೆ ಹುಡುಕಿದರೆ ಸಿಗುತ್ತದೆ. ಮಗುವಿಗೆ ಮೊದಲು ಹೇಳತಕ್ಕ ಮಾತು ಇದೇ: ಅವನು ನಿನ್ನ ಮೇಲೆ ಸಿಟ್ಟಾಗಿಲ್ಲ, ನೀನೂ ಅವನ ಮೇಲೆ ಸಿಟ್ಟಾಗಬೇಡ, ಕತ್ತಿ ಕೆಳಗಿಡು.

ಹುಡುಕುವ ಮುನ್ನ ಎರಡು ಸಂಗತಿ ಕೇಳಿಕೊಳ್ಳಬೇಕು. ಆಟ ನಿಜವಾದ ಮೈನ್‌ಕ್ರಾಫ್ಟೇ, ಅಥವಾ ಅದನ್ನು ನೋಡಿ ಮಾಡಿದ ಪುಕ್ಕಟೆ ಆಟವೇ? ಅನುಕರಣದ ಆಟಗಳು ಹಲವು ಇವೆ. ಅವುಗಳ ನಿಯಮ ಅವುಗಳಿಗೆ, ನಾವು ಹೇಳುವುದು ಅಲ್ಲಿ ನಡೆಯದು. ನಿಜವಾದದ್ದೇ ಆದರೆ, ಎರಡು ಆವೃತ್ತಿಗಳುಂಟು: ಕಂಪ್ಯೂಟರಿನಲ್ಲಿ ಮಾತ್ರ ನಡೆಯುವ ಜಾವಾ, ಫೋನಿನಲ್ಲಿಯೂ ನಡೆಯುವ ಬೆಡ್‌ರಾಕ್. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಆಡುವುದು ಫೋನಿನಲ್ಲಿ. ಎರಡೂ ಮುಖ್ಯ ಸಂಗತಿಗಳಲ್ಲಿ ಒಂದೇ. ಭೇದವಿದ್ದಲ್ಲಿ ಹೇಳುತ್ತ ಹೋಗುತ್ತೇವೆ. ಮನೆಯಲ್ಲಿ ಇರುವುದು ಒಂದೇ ಫೋನಾದರೆ, ಆಡುವಾಗಲೇ ಪರದೆಯ ಚಿತ್ರ ಹಿಡಿದು ವಾಟ್ಸ್‌ಆಪಿನಲ್ಲಿ ಕಳಿಸಿಟ್ಟಿರಲು ಮಗುವಿಗೆ ಹೇಳಿ. ಮಾತಿನಲ್ಲಿ ವರ್ಣಿಸುವುದಕ್ಕಿಂತ ಅದು ಲೇಸು.

ಈಗ ಮೊದಲನೆಯ ಪ್ರಶ್ನೆ: ವ್ಯಾಪಾರದ ಪಟ್ಟಿ ತೆರೆಯುತ್ತದೆಯೋ ಇಲ್ಲವೋ? ಪಟ್ಟಿಯೇ ತೆರೆಯದಿದ್ದರೆ ಅವನು ಯಾರೆಂದು ವಿಚಾರಿಸಬೇಕು. ಚಿಕ್ಕ ಗಾತ್ರದವನಾದರೆ ಇನ್ನೂ ಕೂಸು. ದೊಡ್ಡವನಾಗಲು 20 ನಿಮಿಷ ಬೇಕು, ಕಾಯಬೇಕು. ಹಸುರು ಕೋಟು ತೊಟ್ಟವನಾದರೆ ಅವನಿಗೆ ಆ ಆಟದಲ್ಲಿ ನಿಟ್‌ವಿಟ್ ಎಂದು ಹೆಸರು. ನಮ್ಮ ಮಾತಿನಲ್ಲಿ ಶುದ್ಧ ಪೆದ್ದ. ಅವನು ಎಂದಿಗೂ ಕಸುಬು ಹಿಡಿಯುವುದಿಲ್ಲ, ಏನು ಮಾಡಿದರೂ ವ್ಯಾಪಾರ ಮಾಡುವುದಿಲ್ಲ. ಆ ಹಸುರು ಕೋಟಿನವನ ಮುಂದೆ ದಿನಗಟ್ಟಲೆ ಗೋಧಿ ಹಿಡಿದು ನಿಂತ ಮಕ್ಕಳಿದ್ದಾರೆ. ಕೋಟಿನ ಬಣ್ಣ ಕೇಳಿದರೆ ಅರ್ಧ ದೂರುಗಳು ಅಲ್ಲಿಗೇ ತೀರುತ್ತವೆ. ಜಾವಾ ಆವೃತ್ತಿಯಲ್ಲಿ ಇನ್ನೆರಡು ಸಣ್ಣ ಕಾರಣಗಳುಂಟು: ಮಲಗಿ ನಿದ್ದೆ ಮಾಡುವವನೊಡನೆ ವ್ಯಾಪಾರ ಆಗದು, ಗೆಳೆಯರು ಕೂಡಿ ಆಡುವಾಗ ಒಬ್ಬನು ಮಾತಾಡಿಸುತ್ತಿದ್ದರೆ ಇನ್ನೊಬ್ಬನು ಕಾಯಬೇಕು.

ಕೂಸೂ ಅಲ್ಲ, ಹಸುರು ಕೋಟೂ ಇಲ್ಲ, ಆದರೂ ಪಟ್ಟಿ ತೆರೆಯದು ಎಂದರೆ ಅವನು ನಿರುದ್ಯೋಗಿ. 2019ರ ಏಪ್ರಿಲಿನಲ್ಲಿ ಬಂದ ದೊಡ್ಡ ಬದಲಾವಣೆಯ ನಂತರ ಹಳ್ಳಿಗನಿಗೆ ಕಸುಬು ಬರುವುದು ಸಲಕರಣೆಯಿಂದ. ಒಟ್ಟು 13 ಕಸುಬುಗಳಿವೆ. ಗೊಬ್ಬರದ ಪೆಟ್ಟಿಗೆ ಇಟ್ಟರೆ ರೈತನಾಗುತ್ತಾನೆ, ಮಗ್ಗ ಇಟ್ಟರೆ ಕುರುಬ, ಪೀಪಾಯಿ ಇಟ್ಟರೆ ಮೀನುಗಾರ, ಕೊಪ್ಪರಿಗೆ ಇಟ್ಟರೆ ಚರ್ಮದ ಕೆಲಸದವನು, ಸಾಣೆಕಲ್ಲು ಇಟ್ಟರೆ ಆಯುಧ ಮಾಡುವವನು. ಲೆಕ್ಟರ್ನ್ ಎಂಬ ಪುಸ್ತಕದ ಪೀಠವೊಂದುಂಟು, ನಮ್ಮ ವ್ಯಾಸಪೀಠದಂಥದು, ಅದನ್ನಿಟ್ಟರೆ ಗ್ರಂಥಪಾಲ. ಕೆಲಸ ಬೇಕೆಂದು ಅರ್ಜಿ ಹಿಡಿದು ಮೆಟ್ಟಿಲು ಹತ್ತಿ ಇಳಿದ ನಮಗೆ ಈ ವ್ಯವಸ್ಥೆ ಸೋಜಿಗವೆನಿಸಬಹುದು: ಪೀಠ ಮುಂದಿಟ್ಟ ಕೂಡಲೇ ಕೆಲಸ ಖಾಯಂ, ಶಿಫಾರಸು ಬೇಡ.

ಸಲಕರಣೆ ಇಟ್ಟರೂ ಹಿಡಿಯಲಿಲ್ಲವಾದರೆ? ಬಹುಮಟ್ಟಿಗೆ ಅದನ್ನು ಬೇರೊಬ್ಬನು ಆಗಲೇ ತನ್ನ ಹೆಸರಿಗೆ ಮಾಡಿಕೊಂಡಿರುತ್ತಾನೆ. ಒಂದು ಸಲಕರಣೆಗೆ ಒಬ್ಬನೇ ಒಡೆಯ. ಜಾವಾದಲ್ಲಿ 48 ತುಂಡಿನಷ್ಟು ದೂರದಲ್ಲಿರುವ ನಿರುದ್ಯೋಗಿಯೂ ಅದನ್ನು ಗುರುತಿಸಿ ತನ್ನದೆನ್ನಬಲ್ಲನು. ಮಗು ಇವನ ಮುಂದೆ ಪೀಠವಿಟ್ಟಿತು, ಆದರೆ ಬೇಲಿಯಾಚೆಯ ಇನ್ನಾವನೋ ಅದಕ್ಕೆ ಗ್ರಂಥಪಾಲನಾಗಿ ಕೂತ. ಸರಕಾರಿ ಕ್ವಾರ್ಟರ್ಸಿನ ಹಂಚಿಕೆಯಲ್ಲಿ ಇಂಥದನ್ನು ನಾವು ಕಂಡೇ ಇದ್ದೇವೆ. ಪೀಠವನ್ನು ಒಡೆದು, ಬೇಕಾದವನನ್ನು ಉಳಿದವರಿಂದ ದೂರ ಮಾಡಿ, ಅವನ ಪಕ್ಕದಲ್ಲಿ ಮತ್ತೆ ಇಡಬೇಕು. ಅವನು ಹಿಡಿದ ಕೂಡಲೇ ತಲೆಯ ಸುತ್ತ ಹಸುರು ಕಿಡಿ ಕಾಣಿಸುತ್ತದೆ. ಅದು ಕಂಡರೆ ಕೆಲಸವಾಯಿತು. ಫೋನಿನ ಆವೃತ್ತಿಯಲ್ಲಿ ಮತ್ತೊಂದು ಸಂಗತಿಯುಂಟು: ಅಲ್ಲಿ ಒಂದು ಹಾಸಿಗೆಯಾದರೂ ಇಲ್ಲದೆ ಆ ಜಾಗ ಹಳ್ಳಿಯೆಂದೇ ಲೆಕ್ಕಕ್ಕೆ ಬರುವುದಿಲ್ಲ. ಬಯಲಿನಲ್ಲಿ ಒಬ್ಬನನ್ನು ನಿಲ್ಲಿಸಿ ಸಲಕರಣೆ ಇಟ್ಟು ಕಾದರೆ ಪ್ರಯೋಜನವಿಲ್ಲ. ಪಕ್ಕದಲ್ಲಿ ಒಂದು ಹಾಸಿಗೆ ಹಾಕಿ ನೋಡಲಿ.

ಎರಡನೆಯ ಪ್ರಶ್ನೆ, ಪಟ್ಟಿ ತೆರೆಯುತ್ತದೆ ಆದರೆ ಸರಕಿನ ಮೇಲೆ ಕೆಂಪು ಅಡ್ಡಗೆರೆ ಬಿದ್ದಿದೆಯೇ ಎಂಬುದು. ಬಿದ್ದಿದ್ದರೆ ಸರಕು ಮುಗಿದಿದೆ ಎಂದರ್ಥ. ರೈತ 20 ಗೋಧಿಗೆ 1 ಪಚ್ಚೆಯಂತೆ 16 ಸಲ ಕೊಂಡ ಮೇಲೆ ಆ ಸಾಲು ಮುಚ್ಚುತ್ತದೆ. ಬೇರೆ ಸರಕುಗಳಲ್ಲಿ ಕೆಲವು ಇನ್ನೂ ಬೇಗ ಮುಚ್ಚುತ್ತವೆ. ಮತ್ತೆ ತೆರೆಯಬೇಕಾದರೆ ಅವನು ತನ್ನ ಸಲಕರಣೆಯ ಬಳಿಗೆ ಹೋಗಿ ಕೆಲಸ ಮಾಡಬೇಕು. ಹಾಗೆ ದಿನಕ್ಕೆ ಎರಡು ಸಲ ಸರಕು ತುಂಬಬಲ್ಲನು. ಅವನ ದಿನವೆಂದರೆ ನಮ್ಮ 20 ನಿಮಿಷವೆಂದು ಆಗಲೇ ಹೇಳಿದೆವು. ಕೆಲಸದ ಹೊತ್ತು ಹಗಲು. ಸಂಜೆಯ ಕಡೆಗೆ ಊರ ನಡುವಿನ ಗಂಟೆಯ ಹತ್ತಿರ ಹೋಗಿ ಹರಟುತ್ತಾನೆ, ಕತ್ತಲಾದರೆ ಮಲಗುತ್ತಾನೆ. ನಮ್ಮ ರೇಷನ್ ಅಂಗಡಿಗಿಂತ ಕ್ರಮವಾಗಿಯೇ ನಡೆಯುತ್ತಾನೆ ಎನ್ನಬೇಕು.

ಎಷ್ಟು ದಿನ ಕಾದರೂ ಕೆಂಪು ಗೆರೆ ಹೋಗದಿದ್ದರೆ ಕಾರಣ ಸಾಮಾನ್ಯವಾಗಿ ಒಂದೇ: ಸಲಕರಣೆ ಅವನ ಕೈಗೆಟುಕುತ್ತಿಲ್ಲ. ಉತ್ತರ ಕನ್ನಡದ ಕಡೆಯ ನಮ್ಮ ಸದಸ್ಯರೊಬ್ಬರ ಮಗಳು, ಒಂಬತ್ತು ವರ್ಷದವಳು, ತನ್ನ ಗ್ರಂಥಪಾಲನನ್ನು ರಾತ್ರಿಯ ಪಿಶಾಚಿಗಳು ತಿನ್ನಬಾರದೆಂದು ಗಾಜಿನ ಕೋಣೆ ಕಟ್ಟಿ ಒಳಗಿಟ್ಟಿದ್ದಳು. ಆಮೇಲೆ ಅವನು ಕಾಗದ ಕೊಳ್ಳುವುದನ್ನೇ ನಿಲ್ಲಿಸಿದ. ಎರಡು ವಾರ ಆ ಹುಡುಗಿ ಕಬ್ಬು ಕಡಿದು ಕಾಗದ ಮಾಡಿ ಪೆಟ್ಟಿಗೆ ತುಂಬಿಸುತ್ತಲೇ ಇದ್ದಳು. ನಾವು ಇಲ್ಲಿ ಕುಳಿತು ಚೀಟಿಯಲ್ಲಿ ಬರೆದುಕೊಟ್ಟ ಪ್ರಶ್ನೆಗಳನ್ನು ತಂದೆ ಆ ರಾತ್ರಿ ಕೇಳಿದರು. ಪಟ್ಟಿ ತೆರೆಯುತ್ತದೆಯೇ? ಹೌದು. ಕೆಂಪು ಗೆರೆ ಇದೆಯೇ? ಹೌದು. ಅವನ ಪೀಠ ಎಲ್ಲಿದೆ? ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಗಾಜಿನ ಆಚೆ ಇದೆ ಅಪ್ಪಾ, ಅವ ಅಲ್ಲಿ ಹೋಗೂಲೆ ಆಗ್ತಿಲ್ಲೆ” ಎಂದಳು. ಉತ್ತರ ಅವಳೇ ಹೇಳಿದ್ದು, ತಂದೆ ಕೇಳಿದ್ದಷ್ಟೇ. ಮರುದಿನ ಅವಳಾಗಿಯೇ ಫೋನು ಮಾಡಿ, ಪೀಠವನ್ನು ಒಳಗಿಟ್ಟೆನೆಂದೂ ಕಾಗದವೆಲ್ಲ ಖರ್ಚಾಯಿತೆಂದೂ ವರದಿ ಒಪ್ಪಿಸಿದಳಂತೆ. ಆ ಸದಸ್ಯರು ಇಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ, ಹೆಸರು ಹೇಳಬೇಡಿರೆಂದಿದ್ದಾರೆ.

ಪಟ್ಟಿಯೂ ತೆರೆಯುತ್ತದೆ, ಗೆರೆಯೂ ಇಲ್ಲ, ಆದರೂ ಕೊಳ್ಳಲಾಗದು ಎಂಬ ದೂರೂ ಬರುತ್ತದೆ. ಆಗ ಎಡಗಡೆ ಎರಡು ಸಾಮಾನು ಕೇಳಿದ್ದಾನೆಯೇ ನೋಡಬೇಕು. ಮಂತ್ರದ ಪುಸ್ತಕಕ್ಕೆ ಪಚ್ಚೆಯ ಜೊತೆಗೆ ಒಂದು ಖಾಲಿ ಪುಸ್ತಕವನ್ನೂ ಕೊಡಬೇಕು. ಅರವತ್ತು ಪಚ್ಚೆ ಕೂಡಿಸಿದ ಹುಡುಗ ಖಾಲಿ ಪುಸ್ತಕ ಮರೆಯುವುದುಂಟು. ಹಾಗೆಯೇ, ಹಳ್ಳಿಗನ ದರ್ಜೆ ಏರಿದರೂ ಹೊಸ ಸರಕು ಕಾಣಲಿಲ್ಲವೆಂದರೆ ಪಟ್ಟಿಯನ್ನು ಮುಚ್ಚಿ ಒಂದೆರಡು ಕ್ಷಣ ಬಿಟ್ಟು ತೆರೆಯಬೇಕು. ದರ್ಜೆಗಳು ಐದು, ಸೊಂಟದ ಬಿಲ್ಲೆ ಕಲ್ಲಿನಿಂದ ಮೊದಲಾಗಿ ಕಬ್ಬಿಣ, ಚಿನ್ನ, ಪಚ್ಚೆ, ವಜ್ರದವರೆಗೆ ಬದಲಾಗುತ್ತದೆ. ಬಡ್ತಿಗೆ ಪರೀಕ್ಷೆಯಿಲ್ಲ, ವ್ಯಾಪಾರವಾದಷ್ಟೂ ಏರುತ್ತಾನೆ.

ಮಕ್ಕಳಿಗೆ ಬಹಳ ಬೇಕಾದದ್ದು ಗ್ರಂಥಪಾಲನ ಬಳಿ ಸಿಗುವ ‘ಮೆಂಡಿಂಗ್’ ಎಂಬ ಪುಸ್ತಕ; ಅದರಿಂದ ಸವೆದ ಸಲಕರಣೆ ತಾನೇ ಸರಿಯಾಗುತ್ತದೆ. ಅವನು ಬೇರೆ ಪುಸ್ತಕ ತೋರಿಸಿದರೆ ಪೀಠವನ್ನು ಒಡೆದು ಮತ್ತೆ ಇಡಬೇಕು. ಅವನು ಕಸುಬು ಬಿಟ್ಟು ಪುನಃ ಹಿಡಿಯುತ್ತಾನೆ, ಪಟ್ಟಿ ಹೊಸದಾಗುತ್ತದೆ. ಬೇಕಾದದ್ದು ಬರುವವರೆಗೆ ಹೀಗೆಯೇ ಮಾಡುವುದು. ಆದರೆ ಒಂದು ಷರತ್ತು: ಒಂದೇ ಒಂದು ಸಲ ವ್ಯಾಪಾರ ಮಾಡಿದ ಮೇಲೆ ಅವನ ಕಸುಬೂ ಪಟ್ಟಿಯೂ ಶಾಶ್ವತ. ಆಮೇಲೆ ಪೀಠ ಒಡೆದರೆ ಕಸುಬು ಹೋಗುವುದಿಲ್ಲ, ಸರಕು ತುಂಬುವ ಶಕ್ತಿ ಮಾತ್ರ ಹೋಗುತ್ತದೆ; ಅದೇ ಜಾತಿಯ ಇನ್ನೊಂದು ಪೀಠ ಸಿಕ್ಕಿದರೆ ಮತ್ತೆ ಬರುತ್ತದೆ. ಪಟ್ಟಿ ಬದಲಾಗುತ್ತಿಲ್ಲ ಎಂದು ಮಗು ಗೋಳಿಟ್ಟರೆ, “ಅವನ ಹತ್ತಿರ ಮೊದಲೇ ಏನಾದರೂ ಕೊಟ್ಟು ತೆಗೆದುಕೊಂಡೆಯಾ?” ಎಂದು ಕೇಳಿ.

ಇನ್ನು ಬೆಲೆಯ ವಿಷಯ. ಇದನ್ನು ನಾವು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇವೆ, ಏಕೆಂದರೆ ಇಲ್ಲಿ ಮಗುವಿಗೆ ಮೋಸ ಹೋದೆ ಎನ್ನಿಸುತ್ತದೆ. ನಿನ್ನೆ 20 ಗೋಧಿಗೆ 1 ಪಚ್ಚೆ ಕೊಟ್ಟವನು ಇಂದು ಅದೇ ಪಚ್ಚೆಗೆ ಮೂವತ್ತಕ್ಕೂ ಹೆಚ್ಚು ಕೇಳುತ್ತಾನೆ. ಏಕೆ? ನಿನ್ನೆ ಅವನಿಗೆ ಹದಿನಾರೂ ಸಲ ಮಾರಿ ಸಾಲು ಮುಗಿಸಿದ್ದರಿಂದ. ಅವನು ಸರಕು ತುಂಬುವ ಹೊತ್ತಿನಲ್ಲಿ ಹಳೆಯ ಲೆಕ್ಕ ನೋಡುತ್ತಾನೆ. ಜಾವಾದಲ್ಲಿ ಆ ಲೆಕ್ಕ ಬಹಳ ಸರಳ: ಸರಕಿನ ಅರ್ಧಕ್ಕಿಂತ ಹೆಚ್ಚು ಖರ್ಚಾಗಿದ್ದರೆ ಬೆಲೆ ಗಿರಾಕಿಗೆ ವಿರುದ್ಧವಾಗಿ ಏರುತ್ತದೆ, ಅರ್ಧಕ್ಕಿಂತ ಕಡಿಮೆಯಾಗಿದ್ದರೆ ಏರಿದ್ದು ಇಳಿಯುತ್ತದೆ, ಆದರೆ ಈ ಲೆಕ್ಕದಿಂದ ಮೊದಲಿನ ಬೆಲೆಗಿಂತ ಕೆಳಗೆ ಇಳಿಯದು. ಒಂದೆರಡು ದಿನ, ಎಂದರೆ ನಮ್ಮ ಅರ್ಧ ಮುಕ್ಕಾಲು ಗಂಟೆ, ಅವನನ್ನು ಬಿಟ್ಟು ಬೇರೆ ಕೆಲಸ ನೋಡಿದರೆ ತಾನಾಗಿ ಹದಕ್ಕೆ ಬರುತ್ತದೆ. ಅಷ್ಟೂ ಗೋಧಿಯನ್ನು ಒಬ್ಬನ ಬಾಗಿಲಿಗೆ ಸುರಿಯುವ ಬದಲು ಮೂರು ರೈತರಿಗೆ ಹಂಚಿ ಮಾರಬಹುದು. ಅಥವಾ ಗೋಧಿಯೊಂದನ್ನೇ ನಂಬದೆ 26 ಆಲೂಗಡ್ಡೆಗೆ, 22 ಗಜ್ಜರಿಗೆ 1 ಪಚ್ಚೆ ಕೊಡುವ ರೈತರನ್ನೂ ಹುಡುಕಿಟ್ಟುಕೊಳ್ಳಬಹುದು.

ಕೋಲಾರದ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎಲ್ಲರ ಟೊಮೇಟೊ ಒಂದೇ ವಾರ ಮಂಡಿಗೆ ಬಂದರೆ ಏನಾಗುತ್ತದೆಂಬುದನ್ನು ಅವರು ರಸ್ತೆಯ ಬದಿಯಲ್ಲಿ ಸುರಿದ ರಾಶಿಗಳಲ್ಲಿ ಕಂಡಿದ್ದಾರೆ. ಭೇದವೆಂದರೆ ಆಟದಲ್ಲಿ ಗೋಧಿ ಕೊಳೆಯುವುದಿಲ್ಲ. ಪೆಟ್ಟಿಗೆಯಲ್ಲಿಟ್ಟು ಎಷ್ಟು ದಿನ ಬೇಕಾದರೂ ಕಾಯಬಹುದು. ನಮ್ಮ ರೈತನಿಗೆ ಆ ಪೆಟ್ಟಿಗೆ ಇದ್ದಿದ್ದರೆ ನಮ್ಮಲ್ಲಿ ಕೆಲವರು ಈ ಊರಿಗೆ ಬರುತ್ತಲೇ ಇರಲಿಲ್ಲ. ಇರಲಿ, ವಿಷಯಕ್ಕೆ ಬರೋಣ.

ಬೆಲೆ ಏರಲು ಇನ್ನೊಂದು ಕಾರಣ ಹೊಡೆತ. ಜಾವಾ ಆವೃತ್ತಿಯಲ್ಲಿ ಹಳ್ಳಿಗನನ್ನು ಹೊಡೆದರೆ ಅವನ ಖಾತೆಯಲ್ಲಿ ಹೊಡೆದವನ ಹೆಸರು ಕೆಡುತ್ತದೆ. ಒಬ್ಬನನ್ನು ಕೊಂದರೆ ನೋಡಿದವರೆಲ್ಲರ ಖಾತೆಯಲ್ಲಿಯೂ ಕೆಡುತ್ತದೆ. ಸಂಜೆ ಅವರು ಗುಂಪುಗೂಡಿದಾಗ ಈ ಸುದ್ದಿ ಒಬ್ಬರಿಂದೊಬ್ಬರಿಗೆ ಹೋಗುತ್ತದೆ. ಮರುದಿನ ಊರಿನಲ್ಲಿ ಸಾಮಾನು ತುಟ್ಟಿ. ಆದರೆ ಒಂದು ವಿಶೇಷ ನೋಡಿ: ಬಾಯಿಂದ ಬಾಯಿಗೆ ಹೋದಂತೆಲ್ಲ ಅಲ್ಲಿ ಸುದ್ದಿಯ ಬಲ ಕಡಿಮೆಯಾಗುತ್ತದೆ, ದಿನ ಕಳೆದಂತೆ ಅಳಿಸಿಯೂ ಹೋಗುತ್ತದೆ. ನಮ್ಮ ಚಾಳಿನಲ್ಲಿ ಮೊದಲನೆಯ ಮಾಳಿಗೆಯಿಂದ ಮೂರನೆಯ ಮಾಳಿಗೆಗೆ ಹತ್ತುವಷ್ಟರಲ್ಲಿ ಸುದ್ದಿ ಮೂರರಷ್ಟಾಗುತ್ತದೆ; ಆ ಯಂತ್ರದ ಜನ ನಮಗಿಂತ ಮೇಲು. ಆದಕಾರಣ ಸಿಟ್ಟಿನಿಂದ ಒಂದೇಟು ಹಾಕಿದ ಮಗು ಆಟವನ್ನೇ ಅಳಿಸಿಹಾಕಬೇಕಾಗಿಲ್ಲ. ಸುಮ್ಮನೆ ಕೆಲವು ದಿನ, ಎಂದರೆ ಒಂದು ಗಂಟೆಯಷ್ಟು, ಬೇರೆ ಕಡೆ ದುಡಿಯಲಿ. ಎರಡು ಆವೃತ್ತಿಗಳಲ್ಲಿಯೂ ಊರಿಗೆ ಕಬ್ಬಿಣದ ಕಾವಲುಗಾರನಿರುತ್ತಾನೆ. ಹಳ್ಳಿಗರ ಮೇಲೆ ಕೈಮಾಡುವುದು ಮಿತಿ ಮೀರಿದರೆ ಅವನು ತಿರುಗಿ ಬೀಳುತ್ತಾನೆ; ಆ ಏಟು ತಿಂದವರೆದುರು ಬೆಲೆಯ ಮಾತೆತ್ತುವುದು ಬೇಡ.

ಹೆಸರು ಕೆಡುವಂತೆ ಒಳ್ಳೆಯದಾಗುವುದೂ ಉಂಟು. ರಾತ್ರಿಯ ಪಿಶಾಚಿ ಹಳ್ಳಿಗನನ್ನು ಹಿಡಿದರೆ ಕಠಿಣ ದರ್ಜೆಯ ಆಟದಲ್ಲಿ ಅವನೂ ಪಿಶಾಚಿಯಾಗುತ್ತಾನೆ. ಸಾಧಾರಣ ದರ್ಜೆಯಲ್ಲಿ ಅರ್ಧಕ್ಕರ್ಧ ಸಂಭವ. ಸುಲಭ ದರ್ಜೆಯಲ್ಲಿ ಸತ್ತೇಹೋಗುತ್ತಾನೆ. ಪಿಶಾಚಿಯಾದವನ ಮೇಲೆ ನಿತ್ರಾಣದ ಮದ್ದನ್ನು ಎರಚಿ, ಚಿನ್ನದ ಸೇಬನ್ನು ತಿನ್ನಿಸಿದರೆ ಮೂರರಿಂದ ಐದು ನಿಮಿಷದಲ್ಲಿ ಗುಣವಾಗುತ್ತಾನೆ. ಹಾಗೆ ಗುಣಪಡಿಸಿದವರಿಗೆ ಅವನು ಬೆಲೆಯಲ್ಲಿ ದೊಡ್ಡ ರಿಯಾಯಿತಿ ಕೊಡುತ್ತಾನೆ. ಸೇಬಿಗೆ 8 ಚಿನ್ನದ ಗಟ್ಟಿ ಬೇಕು, ಆದರೂ ಖರ್ಚು ಗಿಟ್ಟುತ್ತದೆ. ಗುಣವಾಗುವವರೆಗೆ ಅವನ ತಲೆಯ ಮೇಲೆ ಚಾವಣಿ ಇರಬೇಕು, ಬಿಸಿಲು ಬಿದ್ದರೆ ಸುಟ್ಟುಹೋಗುತ್ತಾನೆ. ದರೋಡೆಕೋರರ ದಾಳಿಯಿಂದ ಊರನ್ನು ಉಳಿಸಿದವರಿಗೂ ಸ್ವಲ್ಪ ಕಾಲ ರಿಯಾಯಿತಿ ಸಿಗುತ್ತದೆ.

ನೀಲಿ ನಿಲುವಂಗಿ ತೊಟ್ಟು ಎರಡು ಲಾಮಾ ಪ್ರಾಣಿಗಳನ್ನು ಹಿಡಿದುಕೊಂಡು ಬರುವವನೊಬ್ಬನಿದ್ದಾನೆ. ಅವನು ಊರಿನವನಲ್ಲ, ಅಲೆಮಾರಿ ವ್ಯಾಪಾರಿ. ಅವನ ಸರಕು ಮುಗಿದರೆ ಮುಗಿಯಿತು, ತುಂಬುವುದಿಲ್ಲ. ಕೆಲ ಹೊತ್ತಿನಲ್ಲಿ ಮಾಯವೂ ಆಗುತ್ತಾನೆ. ಅವನಿಗೆ ಸಲಕರಣೆ ಇಟ್ಟು ಕಾಯುವುದು ವ್ಯರ್ಥ.

ಹಣದ ವಿಷಯದಲ್ಲಿ ಎರಡು ಮಾತು, ಇದು ತಂದೆತಾಯಿಗಳಿಗೆ. ಆಟವನ್ನು ಒಮ್ಮೆ ಕೊಂಡ ಮೇಲೆ ಹಳ್ಳಿಗನೊಡನೆ ವ್ಯಾಪಾರ ಮಾಡಲು ಒಂದು ಪೈಸೆಯೂ ಬೇಡ. ಪಚ್ಚೆ ರೂಪಾಯಿಗೆ ಸಿಗುವ ವಸ್ತುವಲ್ಲ, ದುಡಿದು ಗಳಿಸತಕ್ಕದ್ದು. ಫೋನಿನ ಆವೃತ್ತಿಯಲ್ಲಿ ಮೈನ್‌ಕಾಯಿನ್ ಎಂಬುದೊಂದಿದೆ, ಅದನ್ನು ನಿಜವಾದ ಹಣಕ್ಕೆ ಮಾರುತ್ತಾರೆ. ಅದು ವೇಷಭೂಷಣ, ಸಿದ್ಧ ಲೋಕಗಳು ಮುಂತಾದವುಗಳ ಅಂಗಡಿಯದು. ಕೋಪಗೊಂಡ ರೈತನಿಗೂ ಅದಕ್ಕೂ ಸಂಬಂಧವಿಲ್ಲ. “ಹಳ್ಳಿಯವ ವ್ಯಾಪಾರ ಮಾಡ್ತಿಲ್ಲ, ಇನ್ನೂರು ರೂಪಾಯಿ ಕಳಿಸು” ಎಂದು ಮಗು ಹೇಳಿದರೆ, ಯಾರೋ ಅದರ ಕಿವಿಯೂದಿದ್ದಾರೆಂದು ತಿಳಿಯಿರಿ. ಪಚ್ಚೆ ಮಾರುತ್ತೇವೆಂದು ಕ್ಯೂಆರ್ ಚಿತ್ರ ಕಳಿಸುವವರಿಗೆ ಹಣ ಹಾಕಕೂಡದು. ತಿಂಗಳ ಕೊನೆಯಲ್ಲಿ ಊರಿಗೆ ಕಳಿಸುವ ದುಡ್ಡು ಎಷ್ಟು ಕಷ್ಟದ್ದೆಂದು ಈ ಸಭೆಗೆ ಹೇಳಬೇಕಾಗಿಲ್ಲ.

ಇನ್ನೊಂದು ಎಚ್ಚರಿಕೆ ಹಳೆಯ ಸಲಹೆಗಳ ಬಗ್ಗೆ. ಅಂತರ್ಜಾಲದಲ್ಲಿ 2019ಕ್ಕಿಂತ ಹಿಂದಿನ ವೀಡಿಯೋಗಳು ಈಗಲೂ ಸಿಗುತ್ತವೆ. ಆಗ ಹಳ್ಳಿಯನ್ನು ಬಾಗಿಲುಗಳಿಂದ ಎಣಿಸುತ್ತಿದ್ದರು, ಹಾಸಿಗೆಗೂ ಸಲಕರಣೆಗೂ ಈಗಿನ ಬೆಲೆ ಇರಲಿಲ್ಲ. ಹಾಗೆ ನೋಡಿ ಗೋಡೆಯ ತುಂಬ ಬಾಗಿಲು ಜಡಿದ ಮಕ್ಕಳಿದ್ದಾರೆ. ಸಲಹೆ ಯಾವ ವರ್ಷದ್ದೆಂದು ಮೊದಲು ನೋಡಲಿ. ಹಳೆಯ ರೈಲ್ವೆ ವೇಳಾಪಟ್ಟಿ ಹಿಡಿದು ದಾದರಿನಲ್ಲಿ ನಿಂತರೆ ಗಾಡಿ ಬರುವುದಿಲ್ಲ.

ಕೊನೆಗೆ, ಹಳ್ಳಿಯಲ್ಲಿ ಯಾರೂ ಉಳಿಯದ ಸಂಗತಿ. ಒಂದು ರಾತ್ರಿ ದೀಪವಿಡದೆ ಬಿಟ್ಟರೆ ಪಿಶಾಚಿಗಳು ಊರನ್ನೇ ಮುಗಿಸಬಹುದು. ಮಗು ಆಗ ನಿಜವಾಗಿಯೂ ಅಳುತ್ತದೆ. ಹೊಸ ಲೋಕ ಶುರುಮಾಡು ಎಂದು ಹೇಳಬೇಡಿ, ಅದು ಕಟ್ಟಿದ ಮನೆ ಅಲ್ಲೇ ಇದೆ. ಬೇರೆ ಹಳ್ಳಿಯಿಂದ ಇಬ್ಬರನ್ನು ದೋಣಿಯಲ್ಲಿಯೋ ಗಣಿಯ ತಳ್ಳುಗಾಡಿಯಲ್ಲಿಯೋ ಕೂರಿಸಿ ತರಬಹುದು. ಅಥವಾ ಪಿಶಾಚಿಯಾದ ಇಬ್ಬರನ್ನು ಮೇಲೆ ಹೇಳಿದಂತೆ ಗುಣಪಡಿಸಬಹುದು. ಮೂರು ಹಾಸಿಗೆ ಹಾಕಿ, ಮೇಲೆ ಎರಡು ತುಂಡಿನಷ್ಟು ಜಾಗ ತೆರವಿಟ್ಟು, ಇಬ್ಬರ ಮುಂದೆಯೂ ತಲಾ 3 ರೊಟ್ಟಿ ಅಥವಾ 12 ಗಜ್ಜರಿ ಎಸೆದರೆ ಸ್ವಲ್ಪ ಹೊತ್ತಿನಲ್ಲಿ ಕೂಸು ಕಾಣಿಸುತ್ತದೆ. ಸುತ್ತ ಗೋಡೆಯೂ ಪಂಜೂ ಇರಲಿ. ಮೂರು ಹಾಸಿಗೆಗೆ ಮೂರೇ ಜನ; ಊರು ಬೆಳೆಯಬೇಕಾದರೆ ಹಾಸಿಗೆಯನ್ನು ಹೆಚ್ಚಿಸುತ್ತ ಹೋಗಬೇಕು.

ಇಷ್ಟರಲ್ಲಿ ತೀರದ ದೂರುಗಳಿದ್ದರೆ ಗ್ರಂಥಗಳ ಕಪಾಟಿನ ಮೇಲೆ ಒಂದು ಡಬ್ಬಿ ಇಟ್ಟಿದ್ದೇವೆ, ಚೀಟಿ ಬರೆದು ಹಾಕಿ. ಮಗುವಿನ ಹೆಸರು ಬೇಡ. ಫೋನೋ ಕಂಪ್ಯೂಟರೋ, ಕೋಟಿನ ಬಣ್ಣ ಯಾವುದು, ಕೆಂಪು ಗೆರೆ ಇದೆಯೋ ಇಲ್ಲವೋ, ಸಲಕರಣೆ ಎಲ್ಲಿದೆ, ಮೊದಲು ವ್ಯಾಪಾರ ಆಗಿತ್ತೇ, ಇಷ್ಟು ಬರೆದರೆ ಸಾಕು. ಶನಿವಾರ ಸಂಜೆ ನಾವು ಡಬ್ಬಿ ತೆರೆಯುತ್ತೇವೆ. ರಾತ್ರಿ ನೀವು ಊರಿಗೆ ಫೋನು ಮಾಡುವುದರೊಳಗೆ ಉತ್ತರ ಸಿಗುತ್ತದೆ.